ನೋಡಿ, ನೋಡಬಹುದು, ಬೇಡ

ಜೂನ್ ೬, ಗುರುವಾರ

ಬೆಳಗಿನ ಜಾವ ಕೆಟ್ಟ ಕನಸು. ಸಿನಿಮಾ ಮಂದಿರದ ನಡುವಿನ ಸಾಲಿನಲ್ಲಿ ಕೂತಿದ್ದೇನೆ. ಪರದೆಯ ಮೇಲೆ ನಮ್ಮದೇ ಅಡುಗೆಮನೆ. ಒಲೆಯ ಉರಿ ಆರಿದೆ, ಗ್ಯಾಸು ಮಾತ್ರ ಸುಯ್ಯೆಂದು ಬರುತ್ತಲೇ ಇದೆ. ಒಳಕೋಣೆಯಲ್ಲಿ ಅಣ್ಣ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾನೆ. ಮುಂದೆ ಏನಾಗಲಿದೆ ಎಂದು ಮಂದಿರದಲ್ಲಿದ್ದವರಿಗೆಲ್ಲ ಗೊತ್ತು, ಯಾರೂ ಏಳುವುದಿಲ್ಲ. ನಾನು ಏಳಲು ಹೋದರೆ ಪಕ್ಕದವರು ತೋಳು ಹಿಡಿದು ಕೂರಿಸಿ, ಹಿಂದಿನವರಿಗೆ ಕಾಣುವುದಿಲ್ಲ ಅನ್ನುತ್ತಾರೆ.

ಎಚ್ಚರವಾಯಿತು. ಹೋಗಿ ಒಲೆಯ ಗುಂಡಿ ಮುಟ್ಟಿ ನೋಡಿದೆ. ಆರಿಸಿಯೇ ಇತ್ತು. ಬಂದು ಮಲಗಿದೆ. ಮತ್ತೆ ಎದ್ದು ಹೋಗಿ ಮುಟ್ಟಿದೆ.

ಕನಸಿನ ಕಾರಣ ಗೊತ್ತಿರುವುದೇ. ನಾಳೆಯಿಂದ ಅಣ್ಣನ ಬದಲು ನಾನು ಸಿನಿಮಾ ನೋಡಬೇಕು. ಅವನು ಮೂವತ್ತೊಂದು ವರ್ಷದಿಂದ ಪತ್ರಿಕೆಗೆ ಬರೆಯುತ್ತಿದ್ದಾನೆ. ಶುಕ್ರವಾರ ಬಿಡುಗಡೆಯಾದ ಚಿತ್ರಗಳಿಗೆ ಭಾನುವಾರ ಅವನ ಮಾತು. ಪ್ರತಿಯೊಂದರ ಕೊನೆಗೆ ಒಂದು ತೀರ್ಪು: ನೋಡಿ, ನೋಡಬಹುದು, ಇಲ್ಲವೇ ಬೇಡ. ಈ ಮೂರು ಬಿಟ್ಟು ನಾಲ್ಕನೆಯ ಮಾತು ಬಳಸಿದವನಲ್ಲ. ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿದ್ದು ಸೋಂಕಾಯಿತು. ಇನ್ನೊಂದು ಕಣ್ಣು ಮೊದಲೇ ಮಂಜು. ಎರಡು ತಿಂಗಳು ಪರದೆಯನ್ನೂ ನೋಡಬಾರದು, ಅಕ್ಷರವನ್ನೂ ನೋಡಬಾರದು ಎಂದಿದ್ದಾರೆ ಡಾಕ್ಟರು. ಇದನ್ನು ಪತ್ರಿಕೆಯವರಿಗೆ ಅಣ್ಣ ಹೇಳಿಲ್ಲ. ಹೇಳಿದರೆ ಆ ಜಾಗ ನಕ್ಷತ್ರದವನಿಗೆ ಹೋಗುತ್ತದೆ. ಫೋನಿನಲ್ಲಿ ಮುಖ ತೋರಿಸಿ ಐದಕ್ಕೆ ಇಷ್ಟು ನಕ್ಷತ್ರ ಎಂದು ಹಂಚುವ ಒಬ್ಬ ಇದ್ದಾನೆ. ಅಣ್ಣ ಅವನ ಹೆಸರು ಹೇಳುವುದಿಲ್ಲ, ಹಾಗೆಂದೇ ಕರೆಯುತ್ತಾನೆ.

"ನೀನು ನೋಡ್ಕೊಂಡು ಬಂದು ಹೇಳು. ಆಮೇಲೆ ನಾನು ಹೇಳಿದ್ದು ಬರ್ಕೋ," ಎಂದ ಅಣ್ಣ. "ನಿನ್ನ ಅಭಿಪ್ರಾಯ ಬೇಡ. ಕಣ್ಣು ಸಾಕು."

ನಾನು ಎಂಟನೇ ತರಗತಿಯನ್ನು ಎರಡು ಸಲ ಅರ್ಧಕ್ಕೆ ಬಿಟ್ಟವಳು. ಒಂದು ಸಲ ಅಮ್ಮನ ಕಾಯಿಲೆಗೆ, ಇನ್ನೊಂದು ಸಲ ಇವನ ಕಾಲೇಜಿಗೆ. ಅತ್ತಿಗೆ ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಅವನು ನನ್ನನ್ನು ಪುಕ್ಕಲಿ ಎಂದು ಕರೆಯುತ್ತಾನೆ, ಐವತ್ತು ವರ್ಷದಿಂದ.

ಸಿನಿಮಾ ಬರೆದುಕೊಳ್ಳಲು ನೋಟುಬುಕ್ಕು ಕೊಟ್ಟಿದ್ದಾನೆ. ಮುಂದಿನ ಪುಟದಿಂದ ಸಿನಿಮಾ, ಹಿಂದಿನ ಪುಟದಿಂದ ಇದು. ಎರಡು ತಿಂಗಳು ಅವನು ಏನನ್ನೂ ಓದುವ ಹಾಗಿಲ್ಲವಲ್ಲ. ಅದೊಂದು ಅನುಕೂಲ.

ಜೂನ್ ೭, ಶುಕ್ರವಾರ

ದೆವ್ವದ ಸಿನಿಮಾ. ಮಂದಿರ ಮನೆಯಿಂದ ಹತ್ತು ನಿಮಿಷದ ನಡಿಗೆ. ಬಾಗಿಲಲ್ಲಿ ಟಾರ್ಚು ಹಿಡಿದು ಜಾಗ ತೋರಿಸುವ ಹೆಂಗಸಿದ್ದಾಳೆ, ಎಲ್ಲರೂ ಟಾರ್ಚಕ್ಕ ಅನ್ನುತ್ತಾರೆ. ಒಬ್ಬಳೇ ಬಂದೆಯಾ ಎಂದು ಕೇಳಿ, ಭಯ ಆದರೆ ನನ್ನ ಕಡೆ ನೋಡು, ನಾನೂ ಭಯ ಪಡುತ್ತಿರುತ್ತೇನೆ ಎಂದಳು.

ಭಯವೆಲ್ಲಿ ಬಂತು? ಇಡೀ ಸಿನಿಮಾ ಬಾಗಿಲು ಬಡಿದುಕೊಳ್ಳುತ್ತದೆ. ಅದಕ್ಕೊಂದು ಕೊಂಡಿ ಹಾಕಿಸುವ ಬುದ್ಧಿ ಆ ಮನೆಯಲ್ಲಿ ಒಬ್ಬರಿಗೂ ಇಲ್ಲ. ಹುಡುಗಿ ನಲ್ಲಿ ತಿರುಗಿಸಿ, ಏನೋ ಸದ್ದು ಕೇಳಿ ಓಡಿಹೋಗುತ್ತಾಳೆ. ಅಲ್ಲಿಂದ ಅರ್ಧ ಗಂಟೆ ಕಥೆ ನಡೆಯುತ್ತದೆ, ಆ ನಲ್ಲಿಯನ್ನು ಯಾರೂ ನಿಲ್ಲಿಸುವುದಿಲ್ಲ. ದೆವ್ವ ಬಂದಿತು, ಹೋಯಿತು. ನಾನು ಮಾತ್ರ ನೀರು ತೊಟ್ಟಿ ತುಂಬಿ ಮನೆಯೊಳಗೆ ಹರಿಯಿತೋ ಏನೋ ಎಂದೇ ಕೂತಿದ್ದೆ.

ಪಾತ್ರೆ ಉಜ್ಜುತ್ತಾ ಇದನ್ನೇ ಹೇಳಿದೆ. ಅಣ್ಣ ಕುರ್ಚಿಯಲ್ಲಿ ನೆಟ್ಟಗಾಗಿ ಕೂತು, ಇನ್ನೊಂದು ಸಲ ಹೇಳು ಎಂದ.

ಜೂನ್ ೯, ಭಾನುವಾರ

ಪತ್ರಿಕೆಯಲ್ಲಿ ಬಂದಿದೆ: "ಈ ಚಿತ್ರದಲ್ಲಿ ದೆವ್ವಕ್ಕಿಂತ ಹೆಚ್ಚು ನಡುಕ ಹುಟ್ಟಿಸುವುದು ಯಾರೂ ನಿಲ್ಲಿಸದ ಒಂದು ನಲ್ಲಿ." ಬೇಡ.

ಬೆಳಿಗ್ಗೆಯಿಂದ ಮೂರು ಫೋನು. ಪುಟದ ಸಂಪಾದಕರೂ ಮಾಡಿದ್ದರು. ನಲ್ಲಿಯ ಸಾಲು ಮೂವತ್ತು ವರ್ಷದಲ್ಲೇ ಶ್ರೇಷ್ಠವಂತೆ. ಅಣ್ಣ ಕಪ್ಪು ಕನ್ನಡಕ ಸರಿಮಾಡಿಕೊಂಡು, ಹಾಗೇ ಹೊಳೆಯಿತು ಎಂದ.

ಹೊಳೆಯಿತಂತೆ! ಅವನ ಊಟದ ತಟ್ಟೆ ತಿಕ್ಕುತ್ತಿದ್ದವಳಿಗೆ ಹೊಳೆದದ್ದು ಅದು. ತಟ್ಟೆಯನ್ನು ಕುಕ್ಕಿ ಇಟ್ಟೆ. ಏನು ಬಿತ್ತು ಎಂದು ಕೇಳಿದ. ಏನೂ ಇಲ್ಲ ಎಂದೆ. ನನ್ನ ಬಾಯಿಗೆ ಬೆಂಕಿ ಹಾಕ, ಯಾವಾಗಲೂ ಏನೂ ಇಲ್ಲ ಎಂದೇ ಅನ್ನುತ್ತದೆ.

ಜೂನ್ ೧೫, ಶನಿವಾರ

ನಿನ್ನೆ ಎರಡು, ಇವತ್ತು ಒಂದು. ತಲೆ ಸಿಡಿಯುತ್ತಿದೆ.

ಹೊಡೆದಾಟದ ಸಿನಿಮಾದಲ್ಲಿ ನಾಯಕ ನಲವತ್ತು ಜನರನ್ನು ಹೊಡೆದು ಅಂಗಡಿಯೊಂದರ ಗಾಜನ್ನೆಲ್ಲ ಒಡೆಯುತ್ತಾನೆ. ಹಿಂದೆ ತಿರುಗಿ ನೋಡದೆ ನಡೆದು ಹೋಗುತ್ತಾನೆ, ಜನ ಸೀಟಿ ಹೊಡೆಯುತ್ತಾರೆ. ಆ ಗಾಜು ಗುಡಿಸುವವರು ಯಾರು? ಬರಿಗಾಲಿನ ಮಗುವೊಂದು ಆ ಕಡೆ ಬಂದರೆ? ಪ್ರೇಮದ ಸಿನಿಮಾದಲ್ಲಿ ಮಾತು ಕೊಟ್ಟು ಮೂರು ವರ್ಷ ನಾಪತ್ತೆಯಾದವನು ಬಂದು ಒಂದು ಹಾಡು ಹಾಡಿದರೆ ಅವಳು ಹೋಗಿ ತಬ್ಬಿಕೊಳ್ಳುತ್ತಾಳೆ. ಮೂರು ವರ್ಷ ಎಲ್ಲಿದ್ದೆ ಎಂದು ಕೇಳಲು ಅವಳಿಗೆ ಬಾಯಿಲ್ಲ. ನಾನಾಗಿದ್ದರೆ ಹಾಡು ಮುಗಿಯಲಿ ಎಂದು ಕಾದು, ಆಮೇಲೆ ಬಾಗಿಲು ಹಾಕುತ್ತಿದ್ದೆ.

ಮೂರನೆಯದು ನಗೆಯ ಸಿನಿಮಾ. ಅದರಲ್ಲೊಬ್ಬಳು ಅಡುಗೆಯವಳು. ಓದು ಬಾರದು. ದೊಡ್ಡ ಮಾತು ಆಡಲು ಹೋಗಿ ಎಡವುತ್ತಾಳೆ, ಅದಕ್ಕೇ ಎಲ್ಲರಿಗೂ ನಗು. ಹನ್ನೆರಡು ಸಲ ನಕ್ಕರು. ಎಣಿಸಿದೆ. ನನಗೆ ನಗು ಬರಲಿಲ್ಲ ಎಂದು ಅಣ್ಣನಿಗೆ ಹೇಳಿದೆ, ಕಾರಣವನ್ನೂ ಹೇಳಿದೆ. ಎಷ್ಟು ಜನ ಬಂದಿದ್ದರು ಎಂದು ಮಾತ್ರ ಕೇಳಿದ. ತುಂಬಿತ್ತು ಎಂದೆ.

"ಬರ್ಕೋ," ಎಂದ. "ಮನೆಮಂದಿಯೆಲ್ಲ ಕೂತು ನಗಬಹುದಾದ ನವಿರು ಹಾಸ್ಯ. ನೋಡಿ."

ಬರೆದೆ. ಇದೇ ಕೈಯಲ್ಲಿ ಬರೆದೆ. ನನ್ನ ಕಣ್ಣು ನೋಡಿದ್ದು ಒಂದು, ಕೈ ಬರೆದದ್ದು ಇನ್ನೊಂದು. ನಡುವೆ ಅವನ ಬಾಯಿ.

ಜೂನ್ ೨೧, ಶುಕ್ರವಾರ

ಇವತ್ತು ಒಂದು ತಪ್ಪು ಮಾಡಿದೆ. ಇಲ್ಲಿ ಬರೆದಿಡುತ್ತೇನೆ, ಬೇರೆಲ್ಲೂ ಹೇಳುವುದಿಲ್ಲ.

ಬೆಳಗಿನ ಆಟ, ಹೊಸ ನಿರ್ದೇಶಕಿಯೊಬ್ಬಳ ಮೊದಲ ಚಿತ್ರ. ಇಪ್ಪತ್ತು ಜನರೂ ಇರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಒಬ್ಬಳ ಕಥೆ. ಅವಳ ಅಪ್ಪ ವಸತಿಗೃಹವೊಂದರಲ್ಲಿ ಹಾಸಿಗೆ ಹಾಸುವ ಕೆಲಸದವನು. ಚಿಕ್ಕಂದಿನಲ್ಲಿ ಮಗಳ ಹೊದಿಕೆಯ ಮೂಲೆಯನ್ನು ಲಕೋಟೆಯ ಹಾಗೆ ಒಳಮಡಿಸಿ ಇಡುತ್ತಿದ್ದ. ಅಮ್ಮ ಸಾಯುವ ಸ್ಥಿತಿಯಲ್ಲಿದ್ದಾಗ ಮನೆ ಬಿಟ್ಟು ಹೋಗುತ್ತಾನೆ. ಒಂಬತ್ತು ವರ್ಷ ಮಗಳು ಅವನ ಮುಖ ನೋಡಿಲ್ಲ. ಆ ಅಪ್ಪ ಈಗ ರೋಗಿಯಾಗಿ ಅವಳು ಕೆಲಸ ಮಾಡುವ ಆಸ್ಪತ್ರೆಗೇ ಬರುತ್ತಾನೆ. ಅವಳಿದ್ದಾಳೆಂದು ಅವನಿಗೆ ತಿಳಿಯದು, ಅವನಿದ್ದಾನೆಂದು ಅವಳಿಗೆ ತಿಳಿಯದು.

ಅಷ್ಟರಲ್ಲಿ ನನಗೆ ಹಾಲಿನ ನೆನಪಾಯಿತು. ಕಾಯಿಸಲಿಟ್ಟೆ. ಇಳಿಸಿದೆ. ಉರಿ ಆರಿಸಿದೆನೋ, ಸಣ್ಣ ಮಾಡಿದೆನೋ? ಅಣ್ಣ ಕಣ್ಣಿಗೆ ಔಷಧ ಹಾಕಿಕೊಂಡು ಮಲಗಿದ್ದಾನೆ. ಗಾಳಿಗೆ ಉರಿ ಆರಿ ಗ್ಯಾಸು ತುಂಬಿ, ಅವನು ಏಳುತ್ತಲೇ ದೀಪದ ಗುಂಡಿ ಒತ್ತಿದರೆ? ಆರಿಸಿರುತ್ತೇನೆ ಎಂದು ಹತ್ತು ಸಲ ಹೇಳಿಕೊಂಡೆ. ಪರದೆಯ ಮೇಲೆ ಏನು ನಡೆಯುತ್ತಿದೆ ಎಂಬುದೇ ತಲೆಗೆ ಹೋಗಲಿಲ್ಲ. ಎದ್ದೆ. ಓಡುತ್ತಲೇ ಮನೆಗೆ ಬಂದೆ. ಒಲೆ ತಣ್ಣಗಿತ್ತು. ಅಣ್ಣ ಗೊರಕೆ ಹೊಡೆಯುತ್ತಿದ್ದ. ಓಡುತ್ತಲೇ ವಾಪಸ್ಸು ಹೋದೆ. ಇಪ್ಪತ್ತೈದು ನಿಮಿಷ ಕಳೆದಿತ್ತು.

ಕೂತಾಗ ಮಗಳು ವಾರ್ಡಿನಲ್ಲಿ ಅಪ್ಪನ ಮುಂದೆ ಕೂತು ಅವನ ಗಡ್ಡ ಬೋಳಿಸುತ್ತಿದ್ದಳು. ಇಬ್ಬರೂ ಮಾತಾಡುವುದಿಲ್ಲ. ಮುಗಿಯಿತು.

ಜೂನ್ ೨೨, ಶನಿವಾರ

ಕಥೆ ಹೇಳಿದೆ. ಲಕೋಟೆಯ ಮಡಿಕೆಯ ಬಗ್ಗೆ ಹೇಳಹೊರಟಾಗ, ಅದೆಲ್ಲ ಬೇಡ, ಮುಂದೇನಾಯಿತು ಹೇಳು ಎಂದ. ಕೊನೆಗೆ ಬಂದೆ.

"ಒಂಬತ್ತು ವರ್ಷ ಮುಖ ನೋಡದೋಳು ಗಡ್ಡ ಬೋಳಿಸೋಕೆ ಯಾಕೆ ಹೋದ್ಳು?"

ಆಗ ಹೇಳಬಹುದಿತ್ತು. ನಡುವೆ ಎದ್ದು ಬಂದಿದ್ದೆ ಅಣ್ಣಾ, ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಹೇಳಿದ್ದರೆ ಒಲೆಯ ಕಥೆ ಹೇಳಬೇಕಿತ್ತು. ಅವನು ಮುಂದಿನ ಹತ್ತು ವರ್ಷ ಅದನ್ನೇ ಹೇಳಿಕೊಂಡು ನಗುತ್ತಿದ್ದ.

"ಸುಮ್ನೆ ಹೋಗ್ತಾಳೆ. ಕಾರಣ ತೋರ್ಸಿಲ್ಲ," ಎಂದೆ.

ಅಣ್ಣ ತೊಡೆ ತಟ್ಟಿಕೊಂಡ. ತಲೆಬರಹ ಸಿಕ್ಕಿತು ಎಂದ. "ಕಾರಣವಿಲ್ಲದ ಕ್ಷಮೆ." ಒಂದೂವರೆ ಪುಟ ನಿಲ್ಲಿಸದೆ ಹೇಳಿದ. ನಿರ್ದೇಶಕಿಗೆ ಕ್ಯಾಮೆರಾ ಹಿಡಿಯಲು ಬರುತ್ತದೆ, ಮನುಷ್ಯರನ್ನು ಹಿಡಿಯಲು ಬರುವುದಿಲ್ಲ. ಒಂಬತ್ತು ವರ್ಷದ ಹಗೆಯನ್ನು ಸೋಪಿನ ನೊರೆಯಲ್ಲಿ ತೊಳೆದುಬಿಡಬಹುದು ಎಂದುಕೊಂಡಿದ್ದಾಳೆ. ಬೇಡ.

ಸೊಗಸಾಗಿ ಹೇಳುತ್ತಾನೆ, ಪಾಪಿ. ಬರೆದುಕೊಂಡು ಹೋಗಿ ಪತ್ರಿಕೆಯ ಕಚೇರಿಯಲ್ಲಿ ಕೊಟ್ಟು ಬಂದೆ.

ಜೂನ್ ೨೩, ಭಾನುವಾರ

ಬಂದಿದೆ. ಮಧ್ಯಾಹ್ನಕ್ಕೆ ನಕ್ಷತ್ರದವನೂ ಫೋನಿನಲ್ಲಿ "ಕಾರಣವಿಲ್ಲದ ಕ್ಷಮೆ" ಎಂದ, ತನ್ನದೇ ಮಾತೆಂಬಂತೆ. ಒಂದೂವರೆ ನಕ್ಷತ್ರ. ಸಂಜೆಯ ಪತ್ರಿಕೆಯ ವಿಮರ್ಶಕಿಯೂ ಮಗಳ ಮನಸ್ಸು ಬದಲಾದದ್ದಕ್ಕೆ ಆಧಾರವಿಲ್ಲ ಎಂದು ಬರೆದಿದ್ದಾಳೆ. ಇವರೆಲ್ಲ ನೋಡಿದ್ದೇನು? ಸಿನಿಮಾವನ್ನೋ, ಅಣ್ಣನನ್ನೋ? ಅಣ್ಣ ನೋಡಿದ್ದು ನನ್ನನ್ನು. ನಾನು ನೋಡಿದ್ದು ತಣ್ಣಗಿನ ಒಲೆಯನ್ನು.

ಕುರಿಗಳು. ಮುಂದಿನದು ಹಳ್ಳಕ್ಕೆ ಬಿದ್ದರೆ ಹಿಂದಿನದಕ್ಕೆ ಅದೇ ದಾರಿ.

ಜೂನ್ ೨೪, ಸೋಮವಾರ

ಏನೂ ಇಲ್ಲ. ಸಿಟ್ಟು ಅಷ್ಟೆ. ಯಾರ ಮೇಲೆಂದು ಗೊತ್ತಿಲ್ಲ.

ಜೂನ್ ೨೫, ಮಂಗಳವಾರ

ಆ ನಿರ್ದೇಶಕಿ ಮನೆಗೇ ಬಂದಳು. ಮೂವತ್ತು ದಾಟಿರಬಹುದು. ಒಂದೇ ಕಡೆ ಸವೆದ ಚಪ್ಪಲಿ. ನನಗೆ ಮೊದಲು ಅವಳ ಮೇಲೇ ಸಿಟ್ಟು ಬಂತು. ಬರೆದವರ ಮನೆ ಹುಡುಕಿಕೊಂಡು ಬರುವುದೆಂದರೆ ಎಷ್ಟು ಸೊಕ್ಕು ಎಂದುಕೊಂಡೆ. ಅವಳಲ್ಲಿ ಸೊಕ್ಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಜಗಳಕ್ಕೆ ಬಂದಿಲ್ಲ ಎಂದಳು. ಮಂದಿರದವರು ಮೂರು ಆಟ ತೆಗೆದುಹಾಕಿ, ಈ ಶುಕ್ರವಾರದಿಂದ ಬೆಳಗಿನದೊಂದನ್ನು ಮಾತ್ರ ಒಂದು ವಾರ ಬಿಟ್ಟಿದ್ದಾರಂತೆ. ಅಷ್ಟರಲ್ಲಿ ಜನ ಬಂದರೆ ಬಂದರು, ಇಲ್ಲವಾದರೆ ಅಲ್ಲಿಗೆ ಮುಗಿಯಿತು. ಎಂಟು ವರ್ಷ ಹಿಡಿದ ಸಿನಿಮಾ ಅದು, ಎರಡನೆಯದನ್ನು ಯಾರೂ ಕೊಡುವುದಿಲ್ಲ. ಬೈಗುಳವಾದರೂ ಪರವಾಗಿಲ್ಲ, ತಿಳಿದುಕೊಳ್ಳಬೇಕು, ಅದಕ್ಕೆ ಬಂದೆ ಎಂದಳು. ಅಣ್ಣನಿಗೆ ಸಂತೋಷವಾಯಿತು. ತಿಳಿದುಕೊಳ್ಳಲು ಬಂದವರನ್ನು ಕಂಡರೆ ಅವನಿಗೆ ಯಾವಾಗಲೂ ಸಂತೋಷ.

"ಒಗೆಯೋ ಕೋಣೆಯ ಭಾಗ ನಿಮಗೆ ಹೇಗನ್ನಿಸ್ತು ಸರ್?" ಎಂದು ಕೇಳಿದಳು.

ಅಣ್ಣನ ಮುಖ ನನ್ನ ಕಡೆ ತಿರುಗಿತು. ನಾನು ಚಹಾದ ಲೋಟ ಹಿಡಿದು ನಿಂತಿದ್ದೆ.

"ಉದ್ದ ಆಯ್ತು," ಎಂದ ಅಣ್ಣ. "ಅಲ್ಲಿ ಮಾತು ಜಾಸ್ತಿ. ಮಾತು ಕಡಿಮೆ ಮಾಡಿದ್ರೆ ಭಾವನೆ ಎದ್ದು ಬರ್ತಿತ್ತು."

ಅವಳು ಅವನ ಕಪ್ಪು ಕನ್ನಡಕವನ್ನು ನೋಡಿದಳು, ಮೇಜಿನ ಮೇಲಿದ್ದ ಕಣ್ಣಿನ ಔಷಧವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಚಹಾ ಮುಟ್ಟಲಿಲ್ಲ. ಕೈಮುಗಿದು ಎದ್ದಳು. ಬಾಗಿಲವರೆಗೆ ಹೋದೆ.

"ನಾನು ಯಾರಿಗೂ ಹೇಳಲ್ಲ ಅಮ್ಮ," ಎಂದಳು. "ನೋಡ್ದೋರು ಯಾರೋ, ಅವರು ಇನ್ನೊಂದು ಸಲ ನೋಡ್ಲಿ. ಅಷ್ಟು ಸಾಕು."

ಏನನ್ನು ಹೇಳುವುದಿಲ್ಲ? ಒಳಗೆ ಬಂದರೆ ಅಣ್ಣ ಕೇಳುತ್ತಾನೆ, ಹುಡುಗಿ ಒಪ್ಪಿಕೊಂಡಳು ಅಲ್ಲವಾ ಎಂದು.

ಜೂನ್ ೨೬, ಬುಧವಾರ

ಹೋದೆ. ಹೋದೆ, ಕೂತೆ, ಕೊನೆಯ ಹೆಸರು ಮುಗಿದು ದೀಪ ಹೊತ್ತುವವರೆಗೂ ಕೂತೆ.

ಟಾರ್ಚಕ್ಕ ಗುರುತು ಹಿಡಿದಳು. ಮೊನ್ನೆ ನಡುವೆ ಎದ್ದು ಓಡಿದವಳು ನೀನೇ ಅಲ್ಲವಾ, ಇವತ್ತು ಹೊರಗಿನಿಂದ ಬೀಗ ಹಾಕುತ್ತೇನೆ ಎಂದಳು. ಹಾಕಮ್ಮ ಎಂದೆ. ಹನ್ನೊಂದು ಜನರಿದ್ದೆವು.

ನಾನು ಎದ್ದು ಹೋಗಿದ್ದ ಜಾಗದಿಂದ ಬರೆಯುತ್ತೇನೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಗೆಯುವ ಕೋಣೆ. ಮೇಲಿನ ವಾರ್ಡುಗಳಿಂದ ಕೊಳೆಬಟ್ಟೆಯ ರಾಶಿ ಬರುತ್ತದೆ, ಎಲ್ಲ ಮುದ್ದೆ ಮುದ್ದೆ. ಒಂದು ದಿನ ರಾಶಿಯಲ್ಲಿ ಒಂದು ಹೊದಿಕೆ ಮಡಿಸಿಕೊಂಡು ಬಂದಿರುತ್ತದೆ. ಮೂಲೆ ಲಕೋಟೆಯ ಹಾಗೆ ಒಳಗೆ ಸೇರಿಸಿದೆ. ಅವಳು ಅದನ್ನು ಹಿಡಿದು ನಿಲ್ಲುತ್ತಾಳೆ. ಆಮೇಲೆ ಬಿಡಿಸಿ, ನೀರಿಗೆ ಎಸೆದು, ಯಾರ ಮೇಲೋ ಸಿಟ್ಟಿರುವ ಹಾಗೆ ಉಜ್ಜುತ್ತಾಳೆ. ಮರುದಿನ ಮೂರು. ಅದರ ಮರುದಿನ ಆ ವಾರ್ಡಿನ ಹೊದಿಕೆಗಳೆಲ್ಲ ಮಡಿಸಿಕೊಂಡೇ ಬರುತ್ತವೆ. ಜೊತೆಯ ಹೆಂಗಸರಿಗೆ ಖುಷಿ, ಕೆಲಸ ಹಗುರವಾಯಿತು. ಕಾಯಿಲೆಯವನು ಯಾವನೋ ಮಲಗಿದಲ್ಲೇ ತನ್ನದನ್ನೂ ಪಕ್ಕದವರದ್ದನ್ನೂ ಮಡಿಸಿ ಕಳಿಸುತ್ತಿದ್ದಾನೆ. ಕೆಳಗೆ ಒಗೆಯುವವರು ಯಾರೆಂದು ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದವರ ಕೈಗೆ ಒಂದಿಷ್ಟು ಬಿಡುವು ಸಿಗಲಿ ಎಂದು ಮಾಡುತ್ತಿದ್ದಾನೆ.

ಒಗೆದ ಹೊದಿಕೆಗಳನ್ನು ಹೊತ್ತು ಅವಳು ಮೆಟ್ಟಿಲು ಹತ್ತುತ್ತಾಳೆ. ಮೊದಲ ದಿನ ನಾಲ್ಕು ಮೆಟ್ಟಿಲು ಹತ್ತಿ, ಹೊರೆಯನ್ನು ಬೇರೆಯವಳಿಗೆ ಕೊಟ್ಟು ಇಳಿಯುತ್ತಾಳೆ. ಮರುದಿನ ಒಂದು ಅಂತಸ್ತು, ವಾಪಸ್ಸು. ಪ್ರತಿದಿನ ಒಂದಿಷ್ಟು ಮೇಲಕ್ಕೆ ಹೋಗುವುದು, ಒಂದಿಷ್ಟು ಮುಖ ಗಂಟಿಕ್ಕಿಕೊಂಡು ಇಳಿಯುವುದು. ಆರು ಸಲ. ಏಳನೆಯ ಸಲ ಇಳಿಯುವುದಿಲ್ಲ.

ಈ ಇಪ್ಪತ್ತೈದು ನಿಮಿಷದಲ್ಲಿ ಒಂದೇ ಒಂದು ಮಾತಿಲ್ಲ. ನೀರಿನ ಸದ್ದು, ಕಾಲಿನ ಸದ್ದು, ಅಷ್ಟೇ. ಅಲ್ಲಿ ಮಾತು ಜಾಸ್ತಿ ಎಂದು ಅಣ್ಣ ನಿನ್ನೆ ಅವಳ ಮುಖಕ್ಕೇ ಹೇಳಿದ. ಅವಳಿಗೆ ಆ ಕ್ಷಣವೇ ಎಲ್ಲ ತಿಳಿಯಿತು. ತಿಳಿದೂ ಕೈಮುಗಿದು ಹೋದಳು.

ಕಾರಣ ತೋರಿಸಿಲ್ಲವಂತೆ. ಅಲ್ಲಿ ಕಾರಣ ಬಿಟ್ಟು ಇನ್ನೇನೂ ಇಲ್ಲ. ನಾನು ಅದನ್ನು ನೋಡಲಿಲ್ಲ, ನೋಡಲಿಲ್ಲ ಎಂದೂ ಹೇಳಲಿಲ್ಲ, ಒಂದು ಸುಳ್ಳು ಹೇಳಿ ತಟ್ಟೆ ತೊಳೆಯಲು ಹೋದೆ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಇದನ್ನು ಬರೆಯುತ್ತಿದ್ದೇನೆ. ಅಣ್ಣ ಒಳಗಿನಿಂದ ಎರಡು ಸಲ ಕೂಗಿದ. ಕೂಗಲಿ.

ಜೂನ್ ೨೭, ಗುರುವಾರ

ಹೇಳಿದೆ. ಒಲೆ, ಹಾಲು, ಓಡಿದ್ದು, ಎಲ್ಲ. ಅಣ್ಣ ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಹೋಗಲಿ ಬಿಡು, ಒಂದು ಸಿನಿಮಾ ತಾನೆ ಎಂದ. ವರ್ಷಕ್ಕೆ ನೂರು ಬರುತ್ತವೆ, ತೊಂಬತ್ತು ಸಾಯುತ್ತವೆ.

ಇದು ತಾನಾಗಿ ಸಾಯುತ್ತಿಲ್ಲ, ನಾವು ಕತ್ತು ಹಿಸುಕಿದ್ದೇವೆ ಎಂದೆ. ತಿದ್ದುಪಡಿ ಬರೆಯಬೇಕು, ಈ ಭಾನುವಾರವೇ ಬರಬೇಕು, ಮುಂದಿನ ಗುರುವಾರ ಕಳೆದರೆ ಸಿನಿಮಾ ಇರುವುದಿಲ್ಲ ಎಂದೆ.

"ಮೂವತ್ತೊಂದು ವರ್ಷದಲ್ಲಿ ನಾನು ಒಂದು ಮಾತೂ ಹಿಂದಕ್ಕೆ ತಗೊಂಡಿಲ್ಲ, ಪುಕ್ಕಲಿ."

"ಅದು ನಿನ್ನ ಮಾತಲ್ಲ. ನನ್ದು. ನಾನು ತಗೋತೀನಿ."

ಕುರ್ಚಿಯ ಕೈ ಹಿಡಿದು ಎದ್ದ, ಮೇಜು ತಗುಲಿತು, ಕೂತ. ಆಮೇಲೆ ಬೇರೆ ದನಿಯಲ್ಲಿ ಮಾತಾಡಿದ. ನೋಡದೆ ಬರೆದಿದ್ದಾನೆ ಎಂದು ಗೊತ್ತಾದರೆ ಭಾನುವಾರದ ಜಾಗ ಹೋಯಿತು. ಅದಿಲ್ಲದಿದ್ದರೆ ತಾನೇನು, ಕಿಟಕಿಯ ಪಕ್ಕದಲ್ಲಿ ಕೂತು ಊಟ ಯಾವಾಗ ಎಂದು ಕೇಳುವ ಒಬ್ಬ ಮುದುಕ. ಅದನ್ನು ನಿನ್ನ ಕೈಯಾರೆ ಮಾಡುತ್ತೀಯಾ ಎಂದು ಕೇಳಿದ.

ಕನಿಕರ ಬಂತು. ಆ ಕನಿಕರದ ಮೇಲೂ ಸಿಟ್ಟು ಬಂತು. ಇದೇ ಕನಿಕರಕ್ಕೆ ಎಂಟನೇ ತರಗತಿ ಬಿಟ್ಟದ್ದು. ಇವನಿಗಾಗಿ ಬಿಟ್ಟಾಗಲೆಲ್ಲ ನನ್ನದನ್ನೇ ಬಿಟ್ಟಿದ್ದೆ, ಅದು ನನ್ನ ಹಣೆಬರಹ. ಈಗ ಬಿಡಬೇಕಾದ್ದು ಆ ಹುಡುಗಿಯ ಎಂಟು ವರ್ಷ. ಅದು ನನ್ನ ಕೈಯ ವಸ್ತುವಲ್ಲ.

ಜೂನ್ ೨೮, ಶುಕ್ರವಾರ

ಇವತ್ತು ಮೂರು ಹೊಸ ಸಿನಿಮಾ. ಹೋಗಲಿಲ್ಲ. ಅಣ್ಣ ಗಡಿಯಾರ ಮುಟ್ಟಿ ಮುಟ್ಟಿ ಕೇಳಿದ, ಹೋಗುವುದಿಲ್ಲ ಎಂದೆ. ತಿದ್ದುಪಡಿ ಮೊದಲು.

ಮಧ್ಯಾಹ್ನ ಸೋತವನ ಹಾಗೆ, ಬರೆದುಕೋ ಎಂದ. ಪೆನ್ನು ತೆಗೆದೆ.

"ಕಳೆದ ವಾರದ ಬರಹದಲ್ಲಿ ಅಚ್ಚಿನ ದೋಷದಿಂದ 'ನೋಡಬಹುದು' ಎಂಬುದು 'ಬೇಡ' ಎಂದಾಗಿದೆ. ಓದುಗರು ಮನ್ನಿಸಬೇಕು."

ಪೆನ್ನು ಕೆಳಗಿಟ್ಟೆ. ಒಂದೂವರೆ ಪುಟ ಬೈದು ಕೊನೆಗೆ ನೋಡಬಹುದು ಎಂದರೆ ಯಾರು ನಂಬುತ್ತಾರೆ? ನಂಬಿದರೆ ಇನ್ನೂ ಕೆಟ್ಟದ್ದು, ಪುಟ ಜೋಡಿಸುವವನ ತಲೆಗೆ ಬರುತ್ತದೆ. ನಮ್ಮ ತಪ್ಪಿಗೆ ಮೂರನೆಯವನೊಬ್ಬ ಬೈಸಿಕೊಳ್ಳಬೇಕೆ? ಬರೆಯುವುದಿಲ್ಲ ಎಂದೆ.

"ಹಾಗಾದ್ರೆ ನೀನೇ ಬರಿ," ಎಂದ. ಮೂದಲಿಕೆಗೆ ಹೇಳಿದ್ದು. "ಎಂಟನೇ ಕ್ಲಾಸು."

ಸರಿ ಎಂದೆ. ಮೇಜಿಗೆ ಹೋಗಿ ಕೂತೆ. ಬರೆಯುತ್ತಿರುವಾಗ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಆಮೇಲೆ ಒರೆಸಿದರಾಯಿತು.

ಜೂನ್ ೨೯, ಶನಿವಾರ

ಬೆಳಿಗ್ಗೆ ಏಳಕ್ಕೆ ಅಣ್ಣನಿಗೆ ಓದಿ ಹೇಳಿದೆ. ಅವನಿಗೆ ತಿಳಿಯದ ಹಾಗೆ ಕಳಿಸುವುದು ನನಗೆ ಬೇಡವಾಗಿತ್ತು. ಕಪ್ಪು ಕನ್ನಡಕ ತೆಗೆದು ಕೇಳಿದ. ಕಣ್ಣು ಕೆಂಪಗಿತ್ತು, ಔಷಧಕ್ಕೋ ಯಾವುದಕ್ಕೋ. ಮುಗಿದ ಮೇಲೆ ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

"ತಪ್ಪನ್ನ ಮೂರನೇ ಸಾಲಿಗೆ ಯಾಕೆ ತಳ್ಳಿದೀಯ?" ಎಂದ. "ಮೊದಲನೇ ಸಾಲಿಗೆ ತಾ. ನನ್ನ ಕಣ್ಣಿನ ವಿಷಯಾನೂ ಬರಿ. ಅರ್ಧ ಹೇಳಿದ್ರೆ ಓದೋರು ಮಿಕ್ಕರ್ಧ ಕೆಟ್ಟದಾಗೇ ತುಂಬ್ಕೋತಾರೆ."

ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ. ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೂ ಸಿಟ್ಟು ಬಂತು. ಸಾಲು ಮೇಲೆ ತಂದೆ, ಕಣ್ಣಿನದನ್ನೂ ಸೇರಿಸಿದೆ, ನನ್ನ ಸಹಿ ಹಾಕಿದೆ. ಎಂಟೂವರೆಗೆ ಕಚೇರಿಗೆ ಕೊಂಡೊಯ್ಯುತ್ತೇನೆ. ಅದರ ನಕಲು ಇಲ್ಲಿರಲಿ:

ಚಿತ್ರಪುಟದ ಸಂಪಾದಕರಿಗೆ,

ತಪ್ಪು ನನ್ನದು. ಹೋದ ಭಾನುವಾರ ನಿಮ್ಮ ಪುಟದಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವವಳ ಚಿತ್ರಕ್ಕೆ "ಕಾರಣವಿಲ್ಲದ ಕ್ಷಮೆ" ಎಂದು ಬಂತು. ಅಣ್ಣನ ಕಣ್ಣಿಗೆ ಸೋಂಕಾಗಿ ಒಂದು ತಿಂಗಳಾಯಿತು, ಅವನು ಆ ಚಿತ್ರ ನೋಡಿಲ್ಲ. ನೋಡಿ ಬಂದು ಹೇಳಿದವಳು ನಾನು, ಅವನ ತಂಗಿ. ನಾನೂ ಪೂರ್ತಿ ನೋಡಿರಲಿಲ್ಲ. ಮನೆಯ ಒಲೆ ಆರಿಸಿದೆನೋ ಇಲ್ಲವೋ ಎಂಬ ಭಯಕ್ಕೆ ನಡುವೆ ಎದ್ದು ಹೋಗಿ, ಇಪ್ಪತ್ತೈದು ನಿಮಿಷ ತಪ್ಪಿಸಿಕೊಂಡೆ. ಕಾರಣವಿದ್ದದ್ದು ಆ ಇಪ್ಪತ್ತೈದು ನಿಮಿಷದಲ್ಲಿ.

ಬುಧವಾರ ಪೂರ್ತಿ ನೋಡಿದೆ. ಮಗಳು ಅಪ್ಪನ ಬಳಿಗೆ ಸುಮ್ಮನೆ ಹೋಗುವುದಿಲ್ಲ. ಅವನು ಮಡಿಸಿ ಕಳಿಸಿದ ಹೊದಿಕೆಗಳನ್ನು ಹೊತ್ತು ದಿನಕ್ಕಿಷ್ಟು ಮೆಟ್ಟಿಲು ಹತ್ತಿ, ಆರು ಸಲ ಹಿಂದಿರುಗಿ, ಏಳನೆಯ ಸಲ ಮುಟ್ಟುತ್ತಾಳೆ. ಅವಳು ಕ್ಷಮಿಸಿದಳು ಎಂದೂ ನಾನು ಹೇಳಲಾರೆ. ಗಡ್ಡ ಬೋಳಿಸುವಾಗಲೂ ಅವಳ ಹುಬ್ಬು ಗಂಟಿಕ್ಕಿಯೇ ಇದೆ. ಸಿಟ್ಟು ಹೋಗದೆಯೂ ಕೈ ಮುಂದೆ ಹೋಗುತ್ತದೆ. ಅದನ್ನು ಆ ನಿರ್ದೇಶಕಿ ತೋರಿಸಿದ್ದಾಳೆ.

ನೋಡಿ, ನೋಡಬಹುದು, ಬೇಡ ಎಂದು ಮುದ್ರೆ ಒತ್ತುವ ಅಧಿಕಾರ ನನಗಿಲ್ಲ. ಹೋದ ವಾರ ನಮ್ಮ ಮನೆಯಿಂದ ಒತ್ತಿ ಕಳಿಸಿದ್ದನ್ನು ಅಳಿಸಿ ಎಂದಷ್ಟೇ ಕೇಳುತ್ತೇನೆ. ಇದನ್ನು ಓದಿ ನೀವು ಅಣ್ಣನ ಜಾಗ ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು. ಅವನಿಗೆ ಓದಿ ಹೇಳಿಯೇ ಕಳಿಸುತ್ತಿದ್ದೇನೆ.

ಒಂದು ಸಂದೇಹ ಉಳಿದಿದೆ. ಆರು ಸಲ ಹಿಂದಿರುಗುತ್ತಾಳೆ ಎಂದು ಮೇಲೆ ಬರೆದಿದ್ದೇನೆ. ನಾಲ್ಕನೆಯದೋ ಐದನೆಯದೋ ಆಗುವಾಗ ನಾನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ, ಒಂದು ತಪ್ಪಿಹೋಗಿರಬಹುದು. ಈ ಚಿತ್ರದ ಬಗ್ಗೆ ನಮ್ಮ ಕಡೆಯಿಂದ ಎರಡನೆಯ ಸುಳ್ಳು ಅಚ್ಚಾಗಬಾರದು. ಬೆಳಗಿನ ಆಟ ಹತ್ತೂವರೆಗೆ, ನಿಮ್ಮ ಪುಟ ಮುಗಿಯುವುದು ನಾಲ್ಕಕ್ಕೆ. ದಯವಿಟ್ಟು ಯಾರನ್ನಾದರೂ ಕಳಿಸಿ, ಆರೋ ಏಳೋ, ಅದೊಂದನ್ನು ಇನ್ನೊಮ್ಮೆ ಎಣಿಸಿ ನೋಡಿಸಿ.